ಹಿಂಗಾರದ ಓಲೆ ಮತ್ತು ರಿಪೇರಿ ಕೌಂಟರ್: ಒಂದು ಸಣ್ಣ ಬೆಳ್ಳಿ ಅಂಗಡಿಯ ಪ್ರಕರಣ ಅಧ್ಯಯನ

ಶಿವಮೊಗ್ಗದಂಥ ಊರಿನ ಪೇಟೆಬೀದಿ. ಹತ್ತಡಿ ಅಗಲ, ಹದಿನಾಲ್ಕಡಿ ಉದ್ದದ ಬೆಳ್ಳಿ ಅಂಗಡಿ. ಮುಂದೆ ಗಾಜಿನ ಕೌಂಟರ್, ಹಿಂದೆ ಪರದೆ ಇಳಿಬಿಟ್ಟ ಕೆಲಸದ ಜಾಗ. ಒಡತಿಯೇ ಕುಶಲಕರ್ಮಿ. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗೆ ಒಬ್ಬ ಸಹಾಯಕಿ ಇರುತ್ತಾಳೆ. ಅಂಗಡಿ ನಡೆಯುವುದು ಕಾಲ್ಚೈನು, ಕಾಲುಂಗುರ, ಮಕ್ಕಳ ಉಡುದಾರ, ಕುಂಕುಮ ಭರಣಿ, ಅವುಗಳ ರಿಪೇರಿ ಇವುಗಳ ಮೇಲೆ. ಒಡತಿಗೆ ಮಾಡಬೇಕೆನಿಸುವುದು ಬೇರೆ: ಅಡಿಕೆ ಹಿಂಗಾರದ (ಹೂಗೊಂಚಲಿನ) ಮಾದರಿಯ ಓಲೆ, ಪದಕ. ಸಣ್ಣ ತಂತಿಯ ಎಸಳಿಗೆ ಬೆಳ್ಳಿಯ ಗುಂಡು ಕೂರಿಸುವ ನಾಜೂಕು ಕೆಲಸ.

ಇದು ಒಂದೇ ಅಂಗಡಿಯ ಕಥೆಯಲ್ಲ. ಇಂಥ ಅಂಗಡಿಗಳಲ್ಲಿ ಮತ್ತೆಮತ್ತೆ ಕಾಣುವ ಪರಿಸ್ಥಿತಿಯನ್ನು ಕೂಡಿಸಿ ಕಟ್ಟಿದ ಮಾದರಿ ಪ್ರಕರಣ. ಲೆಕ್ಕ ಸುಲಭವಾಗಲೆಂದು ಬೆಳ್ಳಿಗೆ ಗ್ರಾಂಗೆ 100 ರೂಪಾಯಿ ಹಿಡಿದಿದೆ. ದರ ಎಲ್ಲಿಗೆ ಹೋದರೂ ಲೆಕ್ಕದ ದಾರಿ ಬದಲಾಗದು, ಅಂದಿನ ದರ ಹಾಕಿಕೊಂಡರೆ ಸಾಕು.

ದೂರು ಎಲ್ಲ ಕಡೆ ಒಂದೇ: "ಅಂಗಡಿ ನೋಡಿಕೊಳ್ಳೋದರಲ್ಲಿ ಕೆಲಸಕ್ಕೆ ಟೈಮೇ ಸಿಗಲ್ಲ." ಆದರೆ ಒಂದು ವಾರ ಗಂಟೆಗಂಟೆಯ ಲೆಕ್ಕ ಬರೆದಿಟ್ಟರೆ ಬೇರೆಯದೇ ಕಾಣುತ್ತದೆ. ಗಿರಾಕಿ ಇಲ್ಲದ ಸಮಯ ದಿನಕ್ಕೆ ಮೂರು ನಾಲ್ಕು ಗಂಟೆ ಇದ್ದೇ ಇರುತ್ತದೆ. ಆದರೆ ಅದು ಹತ್ತು, ಹದಿನೈದು ನಿಮಿಷದ ಚೂರುಗಳಾಗಿ ಸಿಗುತ್ತದೆ, ಮತ್ತು ಆ ಚೂರುಗಳಲ್ಲಿ ಬೆಂಕಿ ಹಚ್ಚಲಾಗುವುದಿಲ್ಲ. ಕಲೆ ಮತ್ತು ವ್ಯಾಪಾರದ ಜಗಳ ಎಂದು ಹೇಳುವುದರ ಬಹುಪಾಲು ಇಷ್ಟೇ. ಉಳಿದದ್ದು ಬೆಲೆ ಕಟ್ಟುವ ರೀತಿ.

ಬೆಸುಗೆ ಅರ್ಧಕ್ಕೆ ಬಿಟ್ಟರೆ ಏನಾಗುತ್ತದೆ

ಒಂದು ಜೋಡಿ ಹಿಂಗಾರದ ಓಲೆಯನ್ನೇ ತೆಗೆದುಕೊಳ್ಳೋಣ. ಒಂದು ಕಿವಿಗೆ 30 ಮಿ.ಮೀ. ಉದ್ದದ ಹತ್ತು ಎಸಳು, ಒಂದೊಂದು ಎಸಳಿಗೆ ನಾಲ್ಕು ಗುಂಡು. ಜೋಡಿಗೆ ಎಂಬತ್ತು ಗುಂಡು. ಬೆಳ್ಳಿ 925, ಅಂದರೆ 37 ಗ್ರಾಂ ಶುದ್ಧ ಬೆಳ್ಳಿಗೆ 3 ಗ್ರಾಂ ತಾಮ್ರ ಸೇರಿಸಿ ಕರಗಿಸಿದ್ದು. ಅದನ್ನು ಕಂಬಚ್ಚಿನಲ್ಲಿ (ತಂತಿ ಎಳೆಯುವ ತೂತುಗಳಿರುವ ಉಕ್ಕಿನ ಪಟ್ಟಿ) ಎಳೆದು 0.8 ಮಿ.ಮೀ. ತಂತಿ ಮಾಡುತ್ತಾರೆ.

ಗುಂಡುಗಳೆಲ್ಲ ಒಂದೇ ಗಾತ್ರ ಬರಬೇಕಾದರೆ ತಂತಿಯ ತುಂಡುಗಳೆಲ್ಲ ಒಂದೇ ಉದ್ದ ಇರಬೇಕು. ಅಳೆದು ಕತ್ತರಿಸುತ್ತ ಕೂತರೆ ದಿನ ಹೋಗುತ್ತದೆ. 2 ಮಿ.ಮೀ. ದಪ್ಪದ ಹೆಣಿಗೆ ಕಡ್ಡಿಗೆ ತಂತಿಯನ್ನು ಒತ್ತೊತ್ತಾಗಿ ಸುತ್ತಿ, ಸುರುಳಿಯನ್ನು ಉದ್ದಕ್ಕೆ ಕತ್ತರಿಸಿದರೆ ಪ್ರತಿ ಬಳೆಯಲ್ಲೂ 8.8 ಮಿ.ಮೀ. ತಂತಿ ಇರುತ್ತದೆ. ತೂಕ ಸುಮಾರು 45 ಮಿಲಿಗ್ರಾಂ. ಕರಗಿದಾಗ ಸರಿಯಾಗಿ 2 ಮಿ.ಮೀ. ಗುಂಡಾಗುತ್ತದೆ. ಲೋಹ ಕರಗಿಸುವ ಮೂಸೆಯ ತಳಕ್ಕೆ ಇದ್ದಿಲ ಪುಡಿ, ಅದರ ಮೇಲೆ ಒಂದಕ್ಕೊಂದು ತಾಗದಂತೆ ಬಳೆಗಳು, ಮತ್ತೆ ಪುಡಿ, ಮತ್ತೆ ಬಳೆ. ಹೀಗೆ ಪದರ ಹಾಕಿ ಒಟ್ಟಿಗೆ ಕಾಯಿಸಿದರೆ ಇನ್ನೂರು ಗುಂಡು ಒಂದೇ ಸಲಕ್ಕೆ ಬರುತ್ತವೆ. ತಾಗಿದ್ದ ಬಳೆಗಳು ಮಾತ್ರ ಜೋಡಿಗುಂಡಾಗುತ್ತವೆ, ಅವನ್ನು ಆರಿಸಿ ತೆಗೆದರಾಯಿತು.

ಕಷ್ಟ ಶುರುವಾಗುವುದು ಕೂರಿಸುವಾಗ. ಬೆಸುಗೆಯ ಅರಪುಡಿ, ಬಿಳಿಗಾರ (ಬೋರಾಕ್ಸ್), ಅಂಟಿಗೆ ಗುಲಗಂಜಿ ತೇದ ಗಂಧ, ಮೂರನ್ನೂ ಕಲೆಸಿ ಗುಂಡಿಗೆ ಹಚ್ಚುತ್ತಾರೆ. (ಗುಲಗಂಜಿ ವಿಷ. ತೇಯುವ ಕಲ್ಲು ಅಡುಗೆಮನೆಯ ಹತ್ತಿರವೂ ಹೋಗಬಾರದು, ಕೈ ತೊಳೆಯದೆ ಎಲೆಅಡಿಕೆ ಹಾಕಬಾರದು.) ಅದು ಪೂರ್ತಿ ಒಣಗಿದ ಮೇಲೆ ಉರಿ. ಹಸಿ ಇದ್ದರೆ ಕುದಿದು ಗುಂಡು ಹಾರುತ್ತದೆ. 925 ಬೆಳ್ಳಿ ಸುಮಾರು 800 ಡಿಗ್ರಿಗೇ ಕರಗಲು ಶುರುವಾಗುತ್ತದೆ, ಗಟ್ಟಿ ಬೆಸುಗೆ ಹರಿಯುವುದು 740ರಿಂದ 770ರ ನಡುವೆ. ಕೈಗೆ ಸಿಗುವ ಅಂತರ ಮೂವತ್ತರಿಂದ ಅರವತ್ತು ಡಿಗ್ರಿ ಅಷ್ಟೇ. ಉರಿಯನ್ನು ಗುಂಡಿನ ಮೇಲೆ ಬಿಡದೆ ಜಾಲರಿಯ ಕೆಳಗಿಂದ ಅಗಲವಾಗಿ ಆಡಿಸುತ್ತ, ಬೆಸುಗೆ ಹೊಳೆದು ಹರಿದ ಗಳಿಗೆಯಲ್ಲಿ ಹಿಂದೆಗೆಯಬೇಕು.

ಆ ಗಳಿಗೆಗೆ ಮೊದಲು "ಅಕ್ಕಾ, ಒಂದ್ನಿಮಿಷ ಈ ಚೈನ್ ಕೊಂಡಿ ನೋಡಿ" ಎಂದು ಯಾರೋ ಕರೆದರು, ಗ್ಯಾಸ್ ಟಾರ್ಚ್ ಆರಿಸಿ ಎದ್ದು ಹೋದರು ಅಂದುಕೊಳ್ಳಿ. ಬಿಳಿಗಾರ ಗಾಜಿನಂತೆ ಗಟ್ಟಿಯಾಗಿ ಗುಂಡನ್ನು ಪಕ್ಕಕ್ಕೆ ತಳ್ಳಿರುತ್ತದೆ. ತಾಮ್ರದ ಕಪ್ಪು ಮೇಲೆ ಬಂದಿರುತ್ತದೆ, ಆ ಕಪ್ಪಿನ ಮೇಲೆ ಬೆಸುಗೆ ಹರಿಯುವುದಿಲ್ಲ. ಅದಕ್ಕಿಂತ ಕೆಟ್ಟದ್ದು, ಬೆಸುಗೆಯೊಳಗಿನ ಸತುವು ಒಂದಿಷ್ಟು ಆಗಲೇ ಸುಟ್ಟುಹೋಗಿರುತ್ತದೆ. ಹಾಗಾಗಿ ಎರಡನೇ ಸಲ ಅದೇ ಬೆಸುಗೆ ಹರಿಯಲು ಹೆಚ್ಚು ಕಾವು ಬೇಕು. ಆ ಹೆಚ್ಚಿನ ಕಾವಿಗೆ 0.8 ಮಿ.ಮೀ. ಎಸಳಿನ ತುದಿ ಕರಗಿ ಸುರುಟಿಕೊಳ್ಳುತ್ತದೆ. ಮೂರು ಗಂಟೆಯ ಕೆಲಸ ಮೂಸೆಗೆ. ಇದನ್ನು ಎರಡು ಮೂರು ಸಲ ಅನುಭವಿಸಿದವರು ನಾಜೂಕು ವಿನ್ಯಾಸವನ್ನೇ ಬಿಟ್ಟು, ಕರೆದಾಗ ಏಳಬಹುದಾದ ಒರಟು ಕೆಲಸಕ್ಕೆ ಇಳಿಯುತ್ತಾರೆ. "ನಮ್ಮೂರಲ್ಲಿ ಇಂಥದ್ದು ಯಾರೂ ಕೇಳಲ್ಲ" ಎನ್ನುವುದು ಆಮೇಲೆ ಹುಟ್ಟುವ ಕಾರಣ.

ಕೆಲಸವನ್ನು ಬೆಂಕಿಯಿಂದ ಬೇರ್ಪಡಿಸುವುದು

ಈ ಅಂಗಡಿಯಲ್ಲಿ ಮಾಡಿದ ಮೊದಲ ಬದಲಾವಣೆ ವೇಳಾಪಟ್ಟಿಯದ್ದಲ್ಲ, ಕೆಲಸಗಳ ವಿಂಗಡಣೆಯದ್ದು. ಕರಗಿಸುವುದು, ಗುಂಡು ಮಾಡುವುದು, ಬೆಸುಗೆ ಒಂದು ಪಾಲು. ಇವು ಶುರುವಾದರೆ ಮುಗಿಯುವ ತನಕ ಏಳುವಂತಿಲ್ಲ. ಅರ ಹಾಕುವುದು, ಗರಗಸದಲ್ಲಿ ತಗಡು ಕೊಯ್ಯುವುದು, ಮರಳುಕಾಗದ ಉಜ್ಜುವುದು, ತಂತಿ ಸುತ್ತುವುದು, ಮೆರುಗು ಕೊಡುವುದು ಇನ್ನೊಂದು ಪಾಲು. ಮಾತಾಡುತ್ತ ಮಾಡಬಹುದು, ಕೆಳಗಿಟ್ಟು ಏಳಬಹುದು. ಎರಡನೆಯ ಪಾಲು ಪೂರ್ತಿಯಾಗಿ ಕೌಂಟರಿನ ಒಂದು ಮೂಲೆಗೆ ಬಂತು. ಸಣ್ಣ ಮಣೆ, ಕೆಳಗೆ ಅರಪುಡಿ ಬೀಳಲು ಚರ್ಮದ ಜೋಳಿಗೆ. ಗಿರಾಕಿಗಳು ನೋಡುತ್ತಾರೆ, ಕೇಳುತ್ತಾರೆ. ಕೈಯಲ್ಲಿ ಮಾಡಿದ್ದು ಎಂದು ಬೋರ್ಡು ಬರೆಸುವುದಕ್ಕಿಂತ ಇದು ಎಷ್ಟೋ ಮೇಲು.

ಬೆಳಕಿನ ದೃಷ್ಟಿಯಿಂದಲೂ ಇದೇ ಸರಿ. ಅರ ಹಾಕಲು ಬೀದಿಯ ಬೆಳಕು ಬೇಕು. ಬೆಳ್ಳಿಯ ಕಾವು ಕಣ್ಣಿಂದ ಅಳೆಯಲು ಮಬ್ಬು ಬೇಕು: ತಂತಿಯನ್ನು ಮೆದು ಮಾಡುವ 600ರಿಂದ 650 ಡಿಗ್ರಿಯ ಮಂದ ಕೆಂಪು ಬಿಸಿಲಲ್ಲಿ ಕಾಣುವುದೇ ಇಲ್ಲ, ಕಾಣುವಷ್ಟು ಕೆಂಪಾಗುವ ಹೊತ್ತಿಗೆ ಮಿತಿ ಮೀರಿರುತ್ತದೆ.

ಬೆಂಕಿಯ ಸಮಯ ವಾರಕ್ಕೆ ನಾಲ್ಕು ದಿನ, ಹತ್ತೂವರೆಯಿಂದ ಒಂದೂವರೆ. ಸಹಾಯಕಿ ಇರುವ ಹೊತ್ತು. ಅದರಲ್ಲಿ ಮಂಗಳವಾರ ತಪ್ಪಿಸಬಾರದ ದಿನ. ಮಂಗಳವಾರ, ಶುಕ್ರವಾರ ಮನೆಯ ಬೆಳ್ಳಿಬಂಗಾರ ಹೊರಗೆ ಕೊಡಬಾರದೆಂಬ ನಂಬಿಕೆಯಿಂದ ಆ ದಿನ ರಿಪೇರಿ ತರುವವರು ಕಡಿಮೆ. ಶುಕ್ರವಾರ ಕೊಳ್ಳುವವರು ಬರುತ್ತಾರೆ, ಮಂಗಳವಾರ ಅದೂ ಇಲ್ಲ. ಮೊದಲು ಆ ದಿನವನ್ನು 'ಡಲ್' ಎಂದು ಬೈದುಕೊಂಡು ಕಳೆಯುತ್ತಿದ್ದರು.

ಈ ಮೂರು ಗಂಟೆ ಪರದೆ ಸರಿಸುವಂತಿಲ್ಲ ಎಂಬ ನಿಯಮ ನಿಲ್ಲಬೇಕಾದರೆ ಸಹಾಯಕಿಗೆ ಅಧಿಕಾರ ಬೇಕು. ತಯಾರು ಮಾಲು ತೂಕ ಹಾಕಿ, ಬಿಲ್ ಬರೆದು ಮಾರುವುದು ಪೂರ್ತಿ ಅವಳದ್ದು. ಚೌಕಾಸಿಗೆ ಮಜೂರಿಯಲ್ಲಿ ಎಷ್ಟು ಬಿಡಬಹುದೆಂದು ಬೆಳಿಗ್ಗೆಯೇ ಹೇಳಿರುತ್ತದೆ. ರಿಪೇರಿ ಬಂದರೆ ಚೀಟಿ ಮಾಡಿ ತೆಗೆದಿಡುವುದು, ಬೆಲೆ ಮಾತ್ರ ಹೇಳುವಂತಿಲ್ಲ: "ಅಮ್ಮ ನೋಡಿ ಸಂಜೆ ಫೋನ್ ಮಾಡ್ತಾರೆ." ಹಳೆ ಬೆಳ್ಳಿ ಬದಲಾವಣೆ, ಹೊಸ ಆರ್ಡರ್ ಇದ್ದರೆ ಮೂರು ಗಂಟೆ ಮೇಲೆ ಬರಲು ಹೇಳುವುದು. ಹಳೆ ಬೆಳ್ಳಿ ಇಟ್ಟುಕೊಳ್ಳುವಂತಿಲ್ಲ. ಅದರಲ್ಲಿ ಶುದ್ಧತೆಯ ಮಾತಿದೆ, ಒರೆಗಲ್ಲು ನೋಡುವ ಕಣ್ಣು ಇನ್ನೂ ಅವಳಿಗೆ ಬಂದಿಲ್ಲ.

ರಿಪೇರಿ ಬಿಡುವುದೇ?

ಕಲೆಗೆ ಸಮಯ ಬೇಕೆಂದು ಹೆಚ್ಚಿನವರು ಮೊದಲು ಕೈಬಿಡುವುದು ರಿಪೇರಿಯನ್ನು. ಕಾಲುಂಗುರ ಅಗಲ ಮಾಡಿಕೊಟ್ಟು ಅರವತ್ತು ರೂಪಾಯಿ ಪಡೆಯುವುದು ಕಿರಿಕಿರಿ ಎನಿಸುವುದು ಸಹಜ. ನಮ್ಮ ಅಭಿಪ್ರಾಯದಲ್ಲಿ ಇದು ಈ ವ್ಯಾಪಾರದಲ್ಲಿ ಮಾಡಬಹುದಾದ ಅತಿ ದುಬಾರಿ ತಪ್ಪು.

ತಿಂಗಳ ಖರ್ಚು ನೋಡಿ: ಬಾಡಿಗೆ 9,000, ಸಹಾಯಕಿಗೆ 7,000, ಕರೆಂಟು, ಫೋನು, ವಿಮೆ, ಲೆಕ್ಕಪತ್ರಕ್ಕೆ 3,000, ಗ್ಯಾಸು, ಆಸಿಡ್, ಬಿಳಿಗಾರ, ಗರಗಸದ ತಂತಿಗೆ 1,000. ಒಟ್ಟು 20,000. ಆದಾಯದಲ್ಲಿ ಸೇಲಂ, ಹುಪರಿ ಕಡೆಯಿಂದ ಬರುವ ತಯಾರು ಮಾಲು ತಿಂಗಳಿಗೆ ಒಂದು ಕಿಲೋ ಹೋದರೆ, ಗ್ರಾಂಗೆ 14 ರೂಪಾಯಿ ಉಳಿದು 14,000. ದಿನಕ್ಕೆ ಎಂಟು ರಿಪೇರಿ, ಸರಾಸರಿ 90 ರೂಪಾಯಿ, 26 ದಿನಕ್ಕೆ 18,720. ಅಂದರೆ ಬಾಡಿಗೆ, ಸಂಬಳ ಎರಡನ್ನೂ ಕೊಟ್ಟು ಮಿಗುವಷ್ಟು ಹಣ ರಿಪೇರಿಯಿಂದಲೇ ಬರುತ್ತಿದೆ, ಅದೂ ಬಂಡವಾಳ ಹೂಡದೆ. ಜೊತೆಗೆ ರಿಪೇರಿಗೆ ಬರುವವರು ಎರಡು ಸಲ ಅಂಗಡಿ ಹತ್ತುತ್ತಾರೆ, ಕೊಡಲು ಒಮ್ಮೆ, ಒಯ್ಯಲು ಒಮ್ಮೆ. ಹಿಂಗಾರದ ಓಲೆ ಕಣ್ಣಿಗೆ ಬೀಳುವುದು ಆಗಲೇ.

ಹಾಗಾಗಿ ರಿಪೇರಿ ಉಳಿಯಿತು, 'ಈಗಲೇ ಮಾಡಿಕೊಡಿ' ಹೋಯಿತು. ಕೊಡುವ ದಿನ ಬುಧವಾರ ಮತ್ತು ಶನಿವಾರ ಸಂಜೆ. ಕೆಲಸವನ್ನು ಹಿಂದಿನ ದಿನ ಒಟ್ಟಿಗೆ ಕೂತು ಮಾಡುವುದರಿಂದ ಟಾರ್ಚ್ ಹಚ್ಚುವುದು ಒಮ್ಮೆ, ಕಾಯಿಸಿದ ಬೆಳ್ಳಿಯ ಕಪ್ಪು ತೆಗೆಯುವ ಆಸಿಡ್ ನೀರು ಬಿಸಿ ಮಾಡುವುದು ಒಮ್ಮೆ, ಮೆರುಗು ಒಮ್ಮೆ.

ಚೀಟಿಯಲ್ಲಿ ಇರಬೇಕಾದ್ದು: ಗಿರಾಕಿಯ ಎದುರೇ ಹಾಕಿದ ತೂಕ (0.01 ಗ್ರಾಂ ತೋರಿಸುವ ತಕ್ಕಡಿ), ಎರಡೂ ಬದಿಯ ಫೋಟೋ, ಹರಳಿದ್ದರೆ ಎಣಿಕೆ, ಮೊದಲೇ ಇದ್ದ ಬಿರುಕು ಅಥವಾ ಸವೆತ. ಇದಿಲ್ಲದೆ ಜಗಳವಾದರೆ ಕುಶಲಕರ್ಮಿ ಯಾವಾಗಲೂ ಸೋಲುತ್ತಾನೆ.

ತೆಗೆದುಕೊಳ್ಳುವಾಗ ನೋಡಲೇಬೇಕಾದ ಮೂರು ಅಪಾಯಗಳಿವೆ. ಒಂದು, ಹಿಂದೆ ಯಾರೋ ಸೀಸದ ಬೆಸುಗೆ ಹಾಕಿದ್ದರೆ. ಕೊಂಡಿಯ ಹತ್ತಿರ ಬೂದುಬಣ್ಣದ, ಉಗುರಿಗೆ ಗೀರು ಬೀಳುವಷ್ಟು ಮೆತ್ತಗಿನ ಗಂಟು ಕಂಡರೆ ಅದೇ. ಕಾಯಿಸಿದ ಕೂಡಲೇ ಸೀಸ ಬೆಳ್ಳಿಯೊಳಗೆ ಇಳಿದು ತೂತು ಕೊರೆಯುತ್ತದೆ. ಉರಿ ತಾಗಿಸುವ ಮೊದಲು ಅದನ್ನು ಪೂರ್ತಿ ಕೆರೆದು ತೆಗೆಯಬೇಕು. ಎರಡು, ಮುತ್ತು, ಹವಳ, ಅರಗಿನಲ್ಲಿ ಕೂರಿಸಿದ ಕೆಂಪು. ಹರಳು ಬಿಚ್ಚದೆ ಬೆಂಕಿಯ ಹತ್ತಿರ ಒಯ್ಯುವಂತಿಲ್ಲ. ಹಿಂದೆ ತಗಡು ಮುಚ್ಚಿದ ಕೆಂಪಾದರೆ ನೀರಲ್ಲಿ ನೆನೆಸಿದರೂ ಹೊಳಪು ಹೋಗುತ್ತದೆ. ಮೂರು, ಒನ್ ಗ್ರಾಂ ಗೋಲ್ಡ್, ಗಿಲೀಟು. ಕಾಯಿಸಿದ ಕಡೆ ಮುಲಾಮು ಸುಟ್ಟು ಕಪ್ಪಾಗುತ್ತದೆ. ಇದನ್ನು ಮುಟ್ಟುವುದಿಲ್ಲ ಎಂದು ಸಹಾಯಕಿಯೇ ಹೇಳಿ ಕಳಿಸಬಹುದು.

ರಿಪೇರಿ ಕೆಲಸದ ಆಸಿಡ್ ನೀರನ್ನು ಕಲೆಯ ಕೆಲಸಕ್ಕೆ ಬಳಸಬಾರದು. ಅದರೊಳಗೆ ಒಮ್ಮೆ ಕಬ್ಬಿಣದ ಚಿಮ್ಮಟ ಅದ್ದಿದರೂ ಕರಗಿದ್ದ ತಾಮ್ರ ಬೆಳ್ಳಿಯ ಮೇಲೆ ಗುಲಾಬಿ ಲೇಪವಾಗಿ ಕೂರುತ್ತದೆ. ತಾಮ್ರದ ಅಥವಾ ಪ್ಲಾಸ್ಟಿಕ್ ಚಿಮ್ಮಟವೇ ಇರಲಿ. ಬೆಸುಗೆ ಕೊಳ್ಳುವಾಗ ಕ್ಯಾಡ್ಮಿಯಂ ಇಲ್ಲದ್ದನ್ನೇ ಕೇಳಿ ಪಡೆಯಿರಿ. ಗಾಳಿಯಾಡದ ಹಿಂಕೋಣೆಯಲ್ಲಿ ಕ್ಯಾಡ್ಮಿಯಂ ಹೊಗೆ ಶ್ವಾಸಕೋಶವನ್ನೂ ಮೂತ್ರಪಿಂಡವನ್ನೂ ಹಾಳುಮಾಡುತ್ತದೆ.

ತೂಕಕ್ಕಲ್ಲ, ಜೋಡಿಗೆ

ಓಲೆ ಮುಗಿದಾಗ ಜೋಡಿಯ ತೂಕ 9 ಗ್ರಾಂ. ಮೊದಲು ಇದನ್ನೂ ಕಾಲ್ಚೈನಿನಂತೆಯೇ ಮಾರುತ್ತಿದ್ದರು: ಬೆಳ್ಳಿಗೆ 900, ಅದರ ಮೇಲೆ ಶೇ. 25 ಮಜೂರಿ 225. ಏಳು ಗಂಟೆಯ ಕೆಲಸಕ್ಕೆ 225 ರೂಪಾಯಿ, ಗಂಟೆಗೆ 32. ತೂಕದ ಮೇಲೆ ಮಜೂರಿ ಹಾಕುವ ಪದ್ಧತಿ ದಪ್ಪ ಕಡಗ ಮಾಡುವವನಿಗೆ ಸರಿ. ತಂತಿ, ಗುಂಡಿನ ಕೆಲಸದಲ್ಲಿ ನಾಜೂಕಾದಷ್ಟೂ ತೂಕ ಇಳಿಯುತ್ತದೆ, ಶ್ರಮ ಏರುತ್ತದೆ. ಈ ಪದ್ಧತಿಯಲ್ಲಿ ಕೌಶಲ ಹೆಚ್ಚಿದಷ್ಟೂ ಕೂಲಿ ಕಡಿಮೆಯಾಗುತ್ತದೆ.

ಹೊಸ ಲೆಕ್ಕ ಹೀಗೆ. ಬೆಳ್ಳಿ 900. ಅರಪುಡಿ, ಮೆರುಗಿನಲ್ಲಿ ಹೋಗುವ ನಷ್ಟ ಶೇ. 5, ಅಂದರೆ 45. ಗ್ಯಾಸು, ಬೆಸುಗೆ, ಇತರೆ 60. ಕೆಲಸ ಗಂಟೆಗೆ 200ರಂತೆ ಏಳು ಗಂಟೆಗೆ 1,400. ಅಂಗಡಿ ಖರ್ಚಿನ ಪಾಲು ಗಂಟೆಗೆ 60ರಂತೆ 420. (ಒಡತಿ, ಸಹಾಯಕಿ ಇಬ್ಬರ ಸಮಯ ಸೇರಿ ತಿಂಗಳಿಗೆ ಸುಮಾರು 338 ಗಂಟೆ, 20,000ವನ್ನು ಅದರಿಂದ ಭಾಗಿಸಿದರೆ 60ರ ಹತ್ತಿರ.) ಒಟ್ಟು 2,825. ಮಾರಾಟವಾಗದೆ ಉಳಿಯುವ ಮಾಲಿಗೆ, ಚೌಕಾಸಿಗೆ ಶೇ. 10 ಸೇರಿಸಿದರೆ 3,100.

ಆ ಊರಲ್ಲಿ 9 ಗ್ರಾಂ ಓಲೆಗೆ 3,100 ಕೊಡುವವರು ಕಡಿಮೆ. ಇಲ್ಲಿ ಎರಡು ದಾರಿ: ಗಂಟೆಯ ಕೂಲಿ ಇಳಿಸುವುದು, ಇಲ್ಲವೇ ಗಂಟೆಗಳನ್ನು ಇಳಿಸುವುದು. ಮೊದಲನೆಯದನ್ನು ಎಲ್ಲರೂ ಮಾಡುತ್ತಾರೆ, ಮಾಡಬಾರದು. ನಾಲ್ಕು ಜೋಡಿ ಒಟ್ಟಿಗೆ ಮಾಡಿದರೆ ಜೋಡಿಗೆ ಏಳರ ಬದಲು ನಾಲ್ಕೂವರೆ ಗಂಟೆ ಸಾಕು. ತಂತಿ ಒಮ್ಮೆ ಎಳೆಯುವುದು, ಗುಂಡು ಒಮ್ಮೆ ಮಾಡುವುದು, ಎಸಳುಗಳನ್ನು ಜಾಲರಿಯ ಮೇಲೆ ಸಾಲಾಗಿಟ್ಟು ಬೆಸುಗೆ ಹಾಕುವುದು. ಆಗ 900, 45, 60, 900, 270, ಮೇಲೆ ಶೇ. 10: ಸುಮಾರು 2,400. ಎಸಳುಗಳ ಬಾಗು ಮಾತ್ರ ಒಂದೊಂದಕ್ಕೂ ಕೈಯಲ್ಲೇ ಕೊಡುವುದರಿಂದ ಯಾವ ಎರಡು ಜೋಡಿಯೂ ಒಂದೇ ಅಲ್ಲ. ತಿಂಗಳಿಗೆ ಎಂಟು ಜೋಡಿ ಹೋದರೆ ಬೆಳ್ಳಿ, ಸಾಮಾನು ಕಳೆದು 11,000ದಷ್ಟು ಉಳಿಯುತ್ತದೆ. ಮೊದಲು ಆರು ಜೋಡಿಗೆ 1,350 ಸಿಗುತ್ತಿತ್ತು.

ಗಿರಾಕಿಗೆ ಹೇಳುವುದು ಹೇಗೆ? ಕಾಲ್ಚೈನಿನ ಟ್ರೇ ಪಕ್ಕದಲ್ಲೇ ಇಟ್ಟರೆ ಪ್ರಶ್ನೆ ಬಂದೇ ಬರುತ್ತದೆ: "ಗ್ರಾಮಿಗೆ ಎಷ್ಟು ಹಾಕಿದ್ದೀರಾ?" ಬೇರೆ ಗೂಡಿನಲ್ಲಿಟ್ಟು, ಬೆಲೆಚೀಟಿಯಲ್ಲಿ ಜೋಡಿಯ ಬೆಲೆ ಬರೆಯಬೇಕು. ಆದರೆ ತೂಕವನ್ನು ಮುಚ್ಚಿಡಬಾರದು. "ತೂಕ ಒಂಬತ್ತು ಗ್ರಾಂ ಅಕ್ಕ, ಒಂಬೈನೂರ ಇಪ್ಪತ್ತೈದರ ಬೆಳ್ಳಿ. ಬೆಲೆ ಜೋಡಿಗೆ." ಬಿಲ್ಲಿನಲ್ಲೂ ತೂಕ, ಶುದ್ಧತೆ ಬರೆಯಬೇಕು. ವಾಪಸ್ ತಂದರೆ ಬೆಳ್ಳಿಯ ತೂಕಕ್ಕೆ ಅಂದಿನ ದರದ ಶೇ. 90 ಎಂದು ಅದರಲ್ಲೇ ಇದ್ದರೆ ಕೊಳ್ಳುವವರ ಅರ್ಧ ಹಿಂಜರಿಕೆ ಹೋಗುತ್ತದೆ. ಬೆಳ್ಳಿಗೆ ಹಾಲ್‌ಮಾರ್ಕ್ ಚಿನ್ನದಂತೆ ಕಡ್ಡಾಯವಲ್ಲ, ಐಚ್ಛಿಕ. 2025ರ ಸೆಪ್ಟೆಂಬರಿನಿಂದ ಬೆಳ್ಳಿಗೂ ಎಚ್‌ಯುಐಡಿ (ಒಂದೊಂದು ಆಭರಣಕ್ಕೂ ಬೇರೆಬೇರೆ ಇರುವ ಗುರುತಿನ ಸಂಕೇತ) ಬಂದಿದೆ. ಇಷ್ಟು ಬೆಲೆಯ ಸಾಮಾನಿಗೆ ಮಾಡಿಸುವುದೇ ಒಳ್ಳೆಯದು. ಕನಿಷ್ಠ ಶುಲ್ಕ ಇರುವುದರಿಂದ ಒಂದೊಂದಾಗಿ ಅಲ್ಲ, ಹತ್ತಿಪ್ಪತ್ತು ಸೇರಿಸಿ ಕಳಿಸಬೇಕು.

ಬೆಳ್ಳಿ ದರ ಏರಿದಾಗ

ಏರುವ ದರ ಎರಡು ಕಡೆ ಹೊಡೆಯುತ್ತದೆ. 900ಕ್ಕೆ ಕೊಂಡ ಬೆಳ್ಳಿಯ ಓಲೆ ಮೂರು ತಿಂಗಳ ಮೇಲೆ ಮಾರಿದಾಗ ಅದೇ 9 ಗ್ರಾಂ ಮತ್ತೆ ಕೊಳ್ಳಲು 1,100 ಬೇಕಾಗಬಹುದು. ಲಾಭವೆಂದು ಬರೆದುಕೊಂಡದ್ದು ಬಂಡವಾಳದ ಸೋರಿಕೆ. ಇದಕ್ಕೆ ಇಲ್ಲಿನ ನಿಯಮ: ಮಾರಿದಷ್ಟೇ ತೂಕ ಅಂದೇ ಕೊಳ್ಳುವುದು, ಬೆಲೆಚೀಟಿಯನ್ನು ಪೆನ್ಸಿಲ್ಲಿನಲ್ಲಿ ಬರೆದು ಪ್ರತಿ ಸೋಮವಾರ ತಿದ್ದುವುದು. ಆರ್ಡರ್ ಆದರೆ ಅರ್ಧ ಹಣ ಮುಂಗಡ, ಅದೇ ದಿನ ಬೆಳ್ಳಿ ಖರೀದಿ. ಮುಂಗಡವಿಲ್ಲದೆ ಹೇಳಿದ ಬೆಲೆ ಆ ದಿನಕ್ಕೆ ಮಾತ್ರ.

ಇನ್ನೊಂದು ಕಡೆ ಜಿಎಸ್‌ಟಿ. ಸರಕು ಮಾತ್ರ ಮಾರುವವರಿಗೆ ನೋಂದಣಿ ಮಿತಿ ವರ್ಷಕ್ಕೆ 40 ಲಕ್ಷ ಎಂದು ಎಲ್ಲರಿಗೂ ಗೊತ್ತು. ಆದರೆ ರಿಪೇರಿ ಎಂಬುದು ಸೇವೆ. ಅದೂ ಸೇರಿದರೆ 20 ಲಕ್ಷದ ಮಿತಿ ಅನ್ವಯಿಸುತ್ತದೆ. ಈ ಅಂಗಡಿಯ ವಹಿವಾಟು ಗ್ರಾಂಗೆ 100 ಇದ್ದಾಗ ವರ್ಷಕ್ಕೆ ಸುಮಾರು 18 ಲಕ್ಷ. ಒಂದು ಗ್ರಾಂ ಹೆಚ್ಚು ಮಾರದೆ, ದರ 115 ಆದರೆ ಸಾಕು, 20 ಲಕ್ಷ ದಾಟುತ್ತದೆ. ಲೆಕ್ಕಪರಿಶೋಧಕರನ್ನು ಮಾರ್ಚಿನಲ್ಲಲ್ಲ, ದರ ಏರಲು ಶುರುವಾದಾಗಲೇ ಕಾಣಬೇಕು. ನೋಂದಣಿಯಾದರೆ ಆಭರಣದ ಮೇಲೆ ಶೇ. 3 ತೆರಿಗೆಯನ್ನು ಬೆಲೆಯೊಳಗೆ ಸೇರಿಸಿಕೊಳ್ಳಬೇಕು.

ಪಂಚಾಂಗದ ಪ್ರಕಾರ ಕಲೆ

ವರ್ಷದ ಲೆಕ್ಕ ಕ್ಯಾಲೆಂಡರಿಗಿಂತ ಪಂಚಾಂಗದಲ್ಲಿ ಸ್ಪಷ್ಟ. ಆಷಾಢದಲ್ಲಿ ಮದುವೆಯಿಲ್ಲ, ಖರೀದಿಯಿಲ್ಲ, ಮಳೆ ಬೇರೆ. ಹೊಸ ವಿನ್ಯಾಸ ಬಿಡಿಸುವುದು, ಮೊದಲು ತಾಮ್ರದಲ್ಲಿ ಮಾಡಿ ನೋಡುವುದು, ಗುಂಡುಗಳನ್ನು ಸಾವಿರದ ಲೆಕ್ಕದಲ್ಲಿ ಮಾಡಿ ಡಬ್ಬಿ ತುಂಬುವುದು ಆಗ. ಶ್ರಾವಣ ಬಂತೆಂದರೆ ವರಮಹಾಲಕ್ಷ್ಮಿ. ಲಕ್ಷ್ಮಿಯ ಮುಖ, ಕಳಶ, ದೀಪ. ಆ ಎರಡು ಮೂರು ವಾರ ಕಲೆಯ ಕೆಲಸ ಇಟ್ಟುಕೊಳ್ಳುವುದೇ ಬೇಡ, ಪರದೆ ತೆಗೆದು ಕೌಂಟರಿನಲ್ಲೇ ನಿಲ್ಲಬೇಕು. ಪಿತೃಪಕ್ಷದ ಹದಿನೈದು ದಿನ ದೀಪಾವಳಿಗೆ ಬೇಕಾದ ಓಲೆಗಳಿಗೆ. ಧನುರ್ಮಾಸ ಮಾಘದ ಮದುವೆಗಳಿಗೆ.

ಮಳೆಗಾಲದ ಒಂದು ತೊಂದರೆ ಲೆಕ್ಕದಲ್ಲಿ ಬರುವುದೇ ಇಲ್ಲ. ಮಲೆನಾಡಿನ ತೇವದಲ್ಲಿ ಗೂಡಿನಲ್ಲಿಟ್ಟ ಬೆಳ್ಳಿ ಬೇಗ ಕಪ್ಪಾಗುತ್ತದೆ, ಉಜ್ಜಲು ವಾರಕ್ಕೆ ಅರ್ಧ ದಿನ ಹೋಗುತ್ತದೆ. ಮಾದರಿಗೊಂದನ್ನು ಮಾತ್ರ ಹೊರಗಿಟ್ಟು ಉಳಿದವನ್ನು ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಒಂದು ತುಂಡು ಸೀಮೆಸುಣ್ಣದೊಂದಿಗೆ ಇಡಬೇಕು. ರಬ್ಬರ್ ಬ್ಯಾಂಡ್ ಸುತ್ತಬಾರದು, ಅದರೊಳಗಿನ ಗಂಧಕವೇ ಕಪ್ಪು ಮಾಡುತ್ತದೆ. ಅಂಟುವಾಳದ ನೀರು, ಮೆತ್ತಗಿನ ಬ್ರಷ್ ಸಾಕು. ಅದ್ದಿ ತೆಗೆಯುವ ರಾಸಾಯನಿಕಕ್ಕೆ ಹಿಂಗಾರದ ಓಲೆ ಹಾಕಿದರೆ ಎಸಳಿನ ಸಂದಿಯಲ್ಲಿ ಬೇಕೆಂದೇ ಬಿಟ್ಟ ಕಪ್ಪೂ ಹೋಗಿ ಇಡೀ ಓಲೆ ಚಪ್ಪಟೆಯಾಗಿ ಕಾಣುತ್ತದೆ.

ಮಾಲು ಎಷ್ಟಿರಬೇಕು? ಕಲೆಯ ಸಾಮಾನಿನಲ್ಲಿ ಸಿಕ್ಕಿಕೊಂಡ ಬೆಳ್ಳಿ 400 ಗ್ರಾಂ ಮೀರಬಾರದೆಂದು ಇಲ್ಲಿ ಮಿತಿ ಹಾಕಿಕೊಂಡರು. ಮೀರಿದರೆ ಹೊಸ ಜೋಡಿ ಶುರು ಮಾಡುವಂತಿಲ್ಲ. ಒಂದೂವರೆ ವರ್ಷ ಹೋಗದ ಸಾಮಾನು ಮೂಸೆಗೆ. ಕರಗಿಸುವಾಗ ನೆನಪಿಡಬೇಕಾದ್ದು ಒಂದಿದೆ: ಎಂಬತ್ತು ಗುಂಡುಗಳ ಬೆಸುಗೆಯೆಲ್ಲ ಅದರೊಳಗೇ ಇರುವುದರಿಂದ ಬರುವ ಬೆಳ್ಳಿ 925ಕ್ಕಿಂತ ಕಡಿಮೆ ಇರುತ್ತದೆ, ಸತುವಿನಿಂದ ತಂತಿ ಎಳೆಯುವಾಗ ಸೀಳುತ್ತದೆ. ಅದನ್ನು ಹೊಸ ಓಲೆಗೆ ಬಳಸುವಂತಿಲ್ಲ. ಅರಪುಡಿ, ಕೆಲಸದ ಕೋಣೆಯ ಕಸದ ಜೊತೆ ಒಂದು ಡಬ್ಬಿಯಲ್ಲಿ ಕೂಡಿಟ್ಟು ವರ್ಷಕ್ಕೊಮ್ಮೆ ಶುದ್ಧೀಕರಣದವರಿಗೆ ಕೊಟ್ಟು, ಬರುವ ಶುದ್ಧ ಬೆಳ್ಳಿಯನ್ನು ಮುಂದಿನ ಆಷಾಢದ ಖಾತೆಗೆ ಬರೆದುಕೊಳ್ಳುತ್ತಾರೆ.